ವೇಗ ಜಾಸ್ತಿ ಇದ್ದರೂ ಬಾಕ್ಸರ್ ಸೋಲುವುದೇಕೆ?

ಪ್ರಶ್ನೆ: ಪ್ರೊಫೆಷನಲ್ ಬಾಕ್ಸಿಂಗ್‌ನಲ್ಲಿ ಒಬ್ಬ ಚುರುಕಾಗಿರುತ್ತಾನೆ, ಗಟ್ಟಿಯಾಗಿ ಹೊಡೆಯುತ್ತಾನೆ, ಆದರೂ ನಿಧಾನವಾಗಿ ಕಾಣುವವನೇ ಗೆದ್ದುಬಿಡುತ್ತಾನೆ. ಕೇಳಿದರೆ ಎಲ್ಲರೂ ಟೈಮಿಂಗ್, ರಿದಮ್ ಅಂತಾರೆ. ಅದು ನಿಜವಾ, ಸುಮ್ನೆ ಹೇಳುವ ಮಾತಾ?

ಉತ್ತರ: ನಿಜವೇ. ಕೈ ಎಷ್ಟು ಬೇಗ ಹೋಗುತ್ತದೆ ಅನ್ನುವುದನ್ನು ನಾವು ನೋಡುತ್ತೇವೆ, ಯಾವಾಗ ಹೊರಟಿತು ಅನ್ನುವುದನ್ನು ನೋಡುವುದಿಲ್ಲ. ಎದುರಾಳಿ ಮುಂದಕ್ಕೆ ಕಾಲಿಡುತ್ತಿರುವಾಗ, ಅಥವಾ ತಾನೇ ಹೊಡೆಯಲು ಕೈ ಚಾಚಿದಾಗ, ಅವನಿಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೈಭಾರವೆಲ್ಲ ಮುಂದೆ ಬರುತ್ತಿರುತ್ತದೆ, ಅದೂ ಪಂಚ್‌ಗೆ ಸೇರಿಕೊಳ್ಳುತ್ತದೆ.

2012ರ ಡಿಸೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಮ್ಯಾನಿ ಪಾಕಿಯಾವೊ ಮತ್ತು ಹುವಾನ್ ಮ್ಯಾನುಯೆಲ್ ಮಾರ್ಕೆಸ್ ನಾಲ್ಕನೇ ಸಲ ಎದುರಾದರು. ವೇಗದಲ್ಲಿ ಪಾಕಿಯಾವೊ ಮುಂದೆ, ಅದರಲ್ಲಿ ಅನುಮಾನವೇ ಇಲ್ಲ. ಮೂರನೇ ರೌಂಡ್‌ನಲ್ಲಿ ಅವನು ಬಿದ್ದಿದ್ದ, ಐದನೆಯದರಲ್ಲಿ ಮಾರ್ಕೆಸ್ ಬಿದ್ದ. ಆರನೇ ರೌಂಡ್ ಮುಗಿಯಲು ಒಂದೇ ಸೆಕೆಂಡ್ ಬಾಕಿ ಇದ್ದಾಗ ಪಾಕಿಯಾವೊ ಒಳಗೆ ನುಗ್ಗಿದ, ಮಾರ್ಕೆಸ್ ಬಲಗೈ ಬಿಟ್ಟ. ಪಾಕಿಯಾವೊ ಮುಖ ಅಡಿಯಾಗಿ ಬಿದ್ದವನು ಏಳಲಿಲ್ಲ. ಆ ಪಂಚ್ ಕೂಡ ಅಷ್ಟೇನೂ ದೂರ ಹೋಗಿರಲಿಲ್ಲ, ಅವನು ಬರುವ ಜಾಗಕ್ಕೇ ಬಂದಿತ್ತು.

ಇನ್ನು ರಿದಮ್. ಪ್ರತಿ ಬಾಕ್ಸರ್‌ಗೂ ಒಂದು ಲಯ ಇರುತ್ತದೆ: ಕಾಲು ಕುಣಿಸುವುದು, ಜ್ಯಾಬ್ (ಮುಂದಿರುವ ಕೈಯಿಂದ ನೇರವಾಗಿ ಚುರುಕಾಗಿ ಕೊಡುವ ಏಟು) ಹಾಕುವುದು, ಹಿಂದೆ ಸರಿಯುವುದು. ಮೊದಲ ಒಂದೆರಡು ರೌಂಡ್‌ಗಳಲ್ಲಿ ಇಬ್ಬರೂ ಒಬ್ಬರ ಲಯವನ್ನು ಇನ್ನೊಬ್ಬರು ಓದುತ್ತಿರುತ್ತಾರೆ, ಅದಕ್ಕೇ ಆ ರೌಂಡ್‌ಗಳು ಕೆಲವರಿಗೆ ಬೋರ್ ಅನ್ನಿಸುತ್ತವೆ (ನನಗಂತೂ ಅವೇ ಇಷ್ಟ). ಜಾಣ ಬಾಕ್ಸರ್ ಒಂದೇ ಗತಿಯಲ್ಲಿ ಎರಡು ಮೂರು ಜ್ಯಾಬ್ ಹಾಕಿ ಎದುರಾಳಿಗೆ ಅದನ್ನು ಅಭ್ಯಾಸ ಮಾಡಿಸುತ್ತಾನೆ. ಮುಂದಿನ ಸಲ ಭುಜ ಮಾತ್ರ ಅಲ್ಲಾಡಿಸಿ ನಿಲ್ಲುತ್ತಾನೆ. ಇದೇ ಫೀಂಟ್. ಎದುರಾಳಿಯ ಗಾರ್ಡ್, ಅಂದರೆ ಏಟು ತಡೆಯಲು ಹಿಡಿದ ಕೈಗಳು, ಮೇಲೆ ಹೋಗುತ್ತದೆ, ಏನೂ ಬರಲಿಲ್ಲ ಅಂತ ಸಡಿಲವಾಗುತ್ತದೆ, ಆಗ ಅಸಲಿ ಪಂಚ್ ಬರುತ್ತದೆ. ಕಾಣದೆ ಬಂದ ಏಟಿಗೆ ಕುತ್ತಿಗೆ ಬಿಗಿಹಿಡಿಯಲು ಆಗುವುದಿಲ್ಲವಲ್ಲ, ಅದಕ್ಕೇ ಸಾಧಾರಣ ಪಂಚ್ ಕೂಡ ಮಂಡಿ ಕುಸಿಯುವಂತೆ ಮಾಡುತ್ತದೆ.

ಪಾಯಿಂಟ್ ಲೆಕ್ಕದಲ್ಲೂ ಇದು ಕೆಲಸಕ್ಕೆ ಬರುತ್ತದೆ. ಪ್ರತಿ ರೌಂಡ್‌ಗೆ ಬೇರೆಯೇ ಅಂಕ, ಸಾಮಾನ್ಯವಾಗಿ ಗೆದ್ದವನಿಗೆ 10, ಸೋತವನಿಗೆ 9. ಗತಿ ಯಾರ ಕೈಯಲ್ಲಿದೆಯೋ ಅವನು ಸದ್ದಿಲ್ಲದೆ ರೌಂಡ್‌ಗಳನ್ನು ಕೂಡಿಹಾಕುತ್ತಾನೆ.

ಪ್ರಶ್ನೆ: ಏಟು ಬಿದ್ದಾಗಲೂ ತಲೆ ತಣ್ಣಗಿಟ್ಟುಕೊಳ್ಳುವುದು ಹುಟ್ಟುಗುಣವಾ? ಕಲಿಯಬಹುದಾ?

ಉತ್ತರ: ಕಲಿಯಬಹುದು. ಅಂದಹಾಗೆ, ಏಟು ಬಿದ್ದಾಗ ಮಾತ್ರವಲ್ಲ, ಏಟು ಕೊಟ್ಟಾಗಲೂ ತಲೆ ತಣ್ಣಗಿರಬೇಕು, ಅದೇ ಜಾಸ್ತಿ ಕಷ್ಟ. 2019ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ, ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದ ಆಂಟನಿ ಜೋಶುವಾ ಮೂರನೇ ರೌಂಡ್‌ನಲ್ಲಿ ಆಂಡಿ ರೂಯಿಜ್‌ನನ್ನು ಕೆಳಗೆ ಬೀಳಿಸಿದ. ಕೂಡಲೇ ಮುಗಿಸಿಬಿಡೋಣ ಅಂತ ಹತ್ತಿರ ನುಗ್ಗಿ ಕೈ ಬೀಸತೊಡಗಿದ. ರೂಯಿಜ್ ಎದ್ದವನು ಗಾಬರಿಯಾಗದೆ ಆ ಬೀಸುವ ಕೈಗಳ ನಡುವೆಯೇ ಹೊಡೆದು ಅದೇ ರೌಂಡ್‌ನಲ್ಲಿ ಜೋಶುವಾನನ್ನು ಎರಡು ಸಲ ಕೆಡವಿದ. ಏಳನೇ ರೌಂಡ್‌ನಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು, ರೂಯಿಜ್ ಗೆದ್ದ. ಅದೇ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದಲ್ಲಿ ಮರುಪಂದ್ಯ. ಜೋಶುವಾ ಈ ಸಲ ದೂರದಲ್ಲೇ ಇದ್ದು, ಜ್ಯಾಬ್ ಹಾಕಿ ಸರಿದು, 12 ರೌಂಡ್‌ಗಳಲ್ಲಿ ಒಮ್ಮೆಯೂ ಆಸೆಗೆ ಬೀಳದೆ ಪಾಯಿಂಟ್ ಮೇಲೆ ಗೆದ್ದ. ನೋಡಲು ಸಪ್ಪೆ ಅಂದವರೂ ಇದ್ದರು. ನನಗೆ ಅವನ ಅತ್ಯಂತ ಬುದ್ಧಿವಂತ ಪಂದ್ಯಗಳಲ್ಲಿ ಅದೂ ಒಂದು.

ಅಭ್ಯಾಸದಲ್ಲಿ ಇದಕ್ಕೆ ಹೊಸ ಮಂತ್ರವೇನಿಲ್ಲ, ಸ್ಪಾರಿಂಗ್, ಅಂದರೆ ಜೊತೆಗಾರನ ಜೊತೆ ಅಭ್ಯಾಸದ ಹೊಡೆದಾಟ, ಬೇಕು. ಆದರೆ ಪ್ರತಿ ಸಲ ಜೋರಾಗಿ ಹೊಡೆದಾಡಬೇಡಿ. ಮೆಲ್ಲಗೆ ಹೊಡೆಯುತ್ತಾ, ಪ್ರತಿ ಪಂಚ್‌ಗೂ ಉಸಿರು ಬಿಡುತ್ತಾ, ಎದುರಿಗಿರುವವನ ಕೈ ನೋಡದೆ ಎದೆ ಭುಜಗಳ ಮೇಲೆ ಕಣ್ಣಿಡಿ. ಏಟು ಬಿದ್ದರೆ ತಕ್ಷಣ ತಿರುಗಿ ಬೀಸಬೇಡಿ: ಕ್ಲಿಂಚ್ ಮಾಡಿ (ಎದುರಾಳಿಯನ್ನು ತಬ್ಬಿ ಕೈ ಆಡದಂತೆ ಹಿಡಿಯಿರಿ), ಇಲ್ಲವೇ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಉಸಿರು ಸರಿಯಾದ ಮೇಲೆ ಮತ್ತೆ ಜ್ಯಾಬ್‌ನಿಂದಲೇ ಶುರು ಮಾಡಿ.