ಪರ್ಯಾಯ ತಾಣಗಳೂ ತುಂಬಿ ತುಳುಕಿದರೆ?

ಓದುಗರ ಪತ್ರ (ಸಂಕ್ಷಿಪ್ತವಾಗಿ): “ಜನಜಂಗುಳಿಯಿಂದ ನಲುಗಿರುವ ಪ್ರವಾಸಿ ತಾಣಗಳ ಬದಲಿಗೆ ನೋಡಬಹುದಾದ ಹೊಸ ಊರುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಲೇಖನ ಪ್ರಕಟಿಸಿದ್ದೀರಿ. ಒಂದು ಊರಿನ ಹೊರೆಯನ್ನು ಇಳಿಸಿ ಮತ್ತೊಂದು ಊರಿನ ಹೆಗಲಿಗೇರಿಸಿದರೆ ಸಾಧಿಸಿದ್ದೇನು? ನೀವು ಹೆಸರಿಸಿದ ಊರುಗಳೂ ಕೆಲವೇ ವರ್ಷಗಳಲ್ಲಿ ಹಾಳಾಗುವುದಿಲ್ಲವೇ? ಅದಲ್ಲದೆ, ಬದುಕಿನಲ್ಲಿ ಒಮ್ಮೆ ದೂರದೇಶಕ್ಕೆ ಹೊರಟವನಿಗೆ ಅಸಲನ್ನು ಬಿಟ್ಟು ನಕಲನ್ನು ನೋಡಿ ಬಾ ಎನ್ನುವುದು ನ್ಯಾಯವೇ?”

ಸಂಪಾದಕರ ಉತ್ತರ:

ಮಾನ್ಯರೇ,

ತಮ್ಮ ಮೊದಲ ಆಕ್ಷೇಪದಲ್ಲಿ ಹುರುಳಿದೆ. ಕ್ರೊಯೇಷಿಯಾದ ಡುಬ್ರೊವ್ನಿಕ್ ನಗರದ ಹಳೆಯ ಕೋಟೆಯೊಳಗೆ ಕಾಲಿಡಲು ಜಾಗವಿಲ್ಲದಂತಾದಾಗ, ಅದೇ ಕರಾವಳಿಯಲ್ಲಿ ತುಸು ದಕ್ಷಿಣಕ್ಕಿರುವ ಮಾಂಟೆನೆಗ್ರೊದ ಕೊಟೊರ್‌ಗೆ ಹೋಗಿ ಎಂದು ಪ್ರವಾಸ ಬರಹಗಾರರು ವರ್ಷಗಟ್ಟಲೆ ಬರೆದರು. ಇಂದು ಆ ಇಕ್ಕಟ್ಟಾದ ಕೊಲ್ಲಿಗೂ ಭಾರೀ ವಿಹಾರ ಹಡಗುಗಳು ಬಂದು ನಿಲ್ಲುತ್ತವೆ. ಸಾವಿರಾರು ಜನ ಒಂದೇ ಹೊತ್ತಿಗೆ ಇಳಿದು, ಅದರ ಪುಟ್ಟ ಗಲ್ಲಿಗಳಲ್ಲಿ ಕೆಲವು ಗಂಟೆ ಸುತ್ತಿ, ಸಂಜೆಗೆ ಹಡಗೇರುತ್ತಾರೆ. ಅಲ್ಬೇನಿಯಾದ ದಕ್ಷಿಣ ತುದಿಯ ಕ್ಸಮಿಲ್ ಕಡಲತೀರಕ್ಕೆ ‘ಯೂರೋಪಿನ ಮಾಲ್ಡೀವ್ಸ್’ ಎಂಬ ಹಣೆಪಟ್ಟಿ ಅಂಟಿಸಿದ ಮೇಲೆ ಆದದ್ದೂ ಇದೇ. ಸುಮಾರು ಇಪ್ಪತ್ನಾಲ್ಕು ಲಕ್ಷ ಜನಸಂಖ್ಯೆಯ ಆ ದೇಶಕ್ಕೆ 2023ರಲ್ಲಿ ಒಂದು ಕೋಟಿಗೂ ಹೆಚ್ಚು ವಿದೇಶಿಯರು ಬಂದಿದ್ದಾರೆ.

ಆದರೆ ಇದರಿಂದ ತಾವು ತಲುಪುವ ತೀರ್ಮಾನ, ಅಂದರೆ ಹೊಸ ಊರುಗಳ ಹೆಸರೆತ್ತುವುದೇ ತಪ್ಪು ಎಂಬುದು, ನನಗೆ ಒಪ್ಪಿಗೆಯಾಗುವುದಿಲ್ಲ. ಜಗತ್ತಿನಲ್ಲಿ ಗಡಿ ದಾಟಿ ಪ್ರವಾಸ ಮಾಡುವವರ ಸಂಖ್ಯೆ 1950ರಲ್ಲಿ ಸುಮಾರು ಎರಡೂವರೆ ಕೋಟಿಯಷ್ಟಿದ್ದುದು 2019ರ ಹೊತ್ತಿಗೆ 140 ಕೋಟಿಯನ್ನು ಮೀರಿತ್ತು. ಪತ್ರಿಕೆಗಳು ಬರೆಯಲಿ ಬಿಡಲಿ, ಇಷ್ಟು ಜನ ಎಲ್ಲಿಗಾದರೂ ಹೋಗಿಯೇ ಹೋಗುತ್ತಾರೆ. ಆದುದರಿಂದ ಯಾವ ಊರು ಯಾವ ಬಗೆಯ ಪ್ರವಾಸಿಯನ್ನು ತಾಳಿಕೊಳ್ಳಬಲ್ಲದು ಎಂಬುದನ್ನು ಬಿಡಿಸಿ ಹೇಳುವುದು ಮೌನಕ್ಕಿಂತ ಉಪಯುಕ್ತ ಎಂದೇ ನಾನು ತಿಳಿದಿದ್ದೇನೆ.

ಇಲ್ಲಿ ವೆನಿಸ್ ನಗರವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಆ ಊರನ್ನು ಸೊರಗಿಸಿದ್ದು ಬಂದವರ ಸಂಖ್ಯೆಯೊಂದೇ ಅಲ್ಲ, ಅವರು ಬಂದ ರೀತಿಯೂ ಹೌದು. ಬೆಳಿಗ್ಗೆ ಬಂದು, ಸಂತ ಮಾರ್ಕನ ಚೌಕವನ್ನೂ ಒಂದು ಸೇತುವೆಯನ್ನೂ ನೋಡಿ, ಸಂಜೆಗೆ ಮರಳುವವರೇ ಅಲ್ಲಿ ಬಹಳ. ಅವರಿಂದ ಊರಿಗೆ ಕಸ, ನೂಕುನುಗ್ಗಲು ಸಿಗುತ್ತವೆಯೇ ಹೊರತು ಆದಾಯ ಅಷ್ಟಾಗಿ ಸಿಗುವುದಿಲ್ಲ. ಇನ್ನೊಂದು ಕಡೆ, ತಂಗುವವರಿಗಾಗಿ ವಾಸದ ಮನೆಗಳು ಒಂದೊಂದಾಗಿ ದಿನಬಾಡಿಗೆಗೆ ಹೋಗುತ್ತಿರುವುದರಿಂದ ಸ್ಥಳೀಯರಿಗೆ ಮನೆ ಸಿಗುವುದು ದುಸ್ತರವಾಗಿದೆ. 1951ರಲ್ಲಿ ಸುಮಾರು 1,75,000 ಜನ ವಾಸವಿದ್ದ ಹಳೆಯ ದ್ವೀಪನಗರದಲ್ಲಿ 2022ರ ಹೊತ್ತಿಗೆ 50,000ಕ್ಕಿಂತ ಕಡಿಮೆ ಜನ ಉಳಿದಿದ್ದರು. 2021ರ ಆಗಸ್ಟ್‌ನಿಂದ ಭಾರೀ ಹಡಗುಗಳು ನಗರದ ನಡುವಿನ ಜಲಮಾರ್ಗಕ್ಕೆ ಬರುವಂತಿಲ್ಲ ಎಂದು ಸರ್ಕಾರ ನಿಷೇಧಿಸಿತು. 2024ರ ಏಪ್ರಿಲ್ 25ರಿಂದ, ಆಯ್ದ ದಿನಗಳಲ್ಲಿ, ಒಂದು ದಿನದ ಮಟ್ಟಿಗೆ ಬರುವವರು ಐದು ಯೂರೊ ಪ್ರವೇಶ ಶುಲ್ಕ ಕೊಡಬೇಕೆಂಬ ನಿಯಮವೂ ಬಂತು. ರಾತ್ರಿ ತಂಗುವವರಿಗೆ ಈ ಶುಲ್ಕವಿಲ್ಲ. ಐದು ಯೂರೊಗೆ ಹೆದರಿ ಯಾರು ತಾನೇ ವೆನಿಸ್ ಬಿಟ್ಟಾರು ಎಂಬ ಟೀಕೆ ಸರಿಯಾದದ್ದೇ. ಆದರೆ ತಂಗುವವರನ್ನೂ ಬಂದುಹೋಗುವವರನ್ನೂ ಬೇರೆಬೇರೆಯಾಗಿ ಕಂಡ ಆ ಲೆಕ್ಕಾಚಾರವನ್ನು ನಾನು ಮೆಚ್ಚುತ್ತೇನೆ.

ಈಗ ಅದೇ ವೆನಿಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯಷ್ಟು ದೂರದಲ್ಲಿರುವ ಪಡುವಾ ನಗರವನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿನ ವಿಶ್ವವಿದ್ಯಾಲಯ 1222ರಲ್ಲಿ ಸ್ಥಾಪನೆಯಾದದ್ದು. ಗೆಲಿಲಿಯೊ ಹದಿನೆಂಟು ವರ್ಷ ಪಾಠ ಹೇಳಿದ್ದು ಅಲ್ಲಿಯೇ. 1545ರ ಸಸ್ಯೋದ್ಯಾನ ಮೊದಲಿದ್ದ ಜಾಗದಲ್ಲೇ ಇಂದಿಗೂ ಬೆಳೆಯುತ್ತಿದೆ. ಜೊಟ್ಟೊ ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಭಿತ್ತಿಚಿತ್ರ ಬರೆದ ಸ್ಕ್ರೊವೆನ್ಯಿ ಪ್ರಾರ್ಥನಾಲಯಕ್ಕೆ ಮೊದಲೇ ಸಮಯ ಕಾಯ್ದಿರಿಸಿದ ಸಣ್ಣ ಗುಂಪುಗಳನ್ನಷ್ಟೇ ಬಿಡುತ್ತಾರೆ. ಒಳಹೋಗುವ ಮುನ್ನ ಹವಾನಿಯಂತ್ರಿತ ಕೋಣೆಯೊಂದರಲ್ಲಿ ಕಾಲು ಗಂಟೆ ಕೂರಿಸುತ್ತಾರೆ, ಹೊರಗಿನ ತೇವ ಮತ್ತು ದೂಳು ಚಿತ್ರಗಳಿಗೆ ತಾಗದಿರಲೆಂದು. ನಗರದ ಈ ಭಿತ್ತಿಚಿತ್ರಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದ್ದು 2021ರಲ್ಲಿ. ಎರಡು ಲಕ್ಷಕ್ಕೂ ಮಿಕ್ಕ ಜನವಸತಿಯ, ವಿದ್ಯಾರ್ಥಿಗಳೂ ಮಾರುಕಟ್ಟೆಯೂ ಆಸ್ಪತ್ರೆಗಳೂ ತಮ್ಮ ಪಾಡಿಗೆ ನಡೆಸುತ್ತಿರುವ ಊರಿದು. ಪ್ರವಾಸಿ ಬಾರದಿದ್ದರೂ ಅದು ಬದುಕುತ್ತದೆ, ಆದ್ದರಿಂದಲೇ ಪ್ರವಾಸಿ ಬಂದರೂ ತಾಳಿಕೊಳ್ಳುತ್ತದೆ. ಇಂಥ ಊರನ್ನು ವೆನಿಸ್‌ನ ನಕಲು ಎಂದು ತಾವು ಕರೆಯಲಾರಿರಿ ಎಂದುಕೊಂಡಿದ್ದೇನೆ. ಅಲ್ಲಿ ಕಾಲುವೆಗಳ ವೈಭವವಿಲ್ಲ. ವೆನಿಸ್‌ನಲ್ಲಿ ಜೊಟ್ಟೊನ ಪ್ರಾರ್ಥನಾಲಯವಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಐಸ್‌ಲ್ಯಾಂಡಿನ ದಕ್ಷಿಣದಲ್ಲಿರುವ ಫ್ಯಾದ್ರಾರ್‌ಗ್ಲ್ಯೂವುರ್ ಕಣಿವೆ. 2015ರಲ್ಲಿ ಜನಪ್ರಿಯ ಗಾಯಕನೊಬ್ಬನ ಹಾಡಿನ ವಿಡಿಯೊದಲ್ಲಿ ಅದು ಕಾಣಿಸಿಕೊಂಡಿತು. ಅಲ್ಲಿಂದಾಚೆ ಜನ ಸಾಲುಗಟ್ಟಿದರು. ಇಷ್ಟು ಜನರಿಗೆ ಬೇಕಾದ ಕಾಲುದಾರಿಯಾಗಲಿ, ಬೇಲಿಯಾಗಲಿ, ಕಾವಲಾಗಲಿ ಅಲ್ಲಿರಲಿಲ್ಲ. ಅಲ್ಲಿನ ನೆಲವನ್ನು ಹೊದ್ದಿರುವ ಹಾವಸೆ ಒಮ್ಮೆ ತುಳಿತಕ್ಕೆ ಸಿಕ್ಕಿದರೆ ಚೇತರಿಸಿಕೊಳ್ಳಲು ಬಹುಕಾಲ ಬೇಕು. 2019ರಲ್ಲಿ ಅಧಿಕಾರಿಗಳು ಕಣಿವೆಯನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಪಡುವಾದ ಮೇಲೆ ಲೇಖನ ಬರೆದರೆ ನನಗೆ ಅಳುಕಿಲ್ಲ. ಇಂಥ ಕಣಿವೆಯ ಬಗ್ಗೆ, ದಾರಿ ಮತ್ತು ಕಾವಲು ಸಿದ್ಧವಾಗುವ ಮೊದಲು, ಬರೆಯಲು ಖಂಡಿತ ಅಳುಕುತ್ತೇನೆ.

ಜನ ಬರುವ ಮುನ್ನವೇ ಏರ್ಪಾಡು ಆಗಿರಬೇಕೆಂಬುದೇ ನನ್ನ ಮುಖ್ಯ ಮಾತು, ಮತ್ತು ಅದನ್ನು ಕಲಿತ ಸ್ಥಳಗಳು ಇವೆ. ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳು 2019ರ ಏಪ್ರಿಲ್‌ನಲ್ಲಿ ಒಂದು ವಾರಾಂತ್ಯದ ಮಟ್ಟಿಗೆ ತಮ್ಮ ಪ್ರಮುಖ ತಾಣಗಳನ್ನು ಮುಚ್ಚಿ, ಹೊರದೇಶಗಳಿಂದ ಬಂದ ನೂರು ಸ್ವಯಂಸೇವಕರ ಜೊತೆ ಕಾಲುದಾರಿಗಳನ್ನು ದುರಸ್ತಿ ಮಾಡಿಕೊಂಡವು. ಪರಿಸ್ಥಿತಿ ಕೈಮೀರುವ ತನಕ ಕಾದು ಕೂರಲಿಲ್ಲ. ಮೇಲೆ ದೂರಿದ ಅಲ್ಬೇನಿಯಾ ದೇಶವೇ, ಅಣೆಕಟ್ಟುಗಳ ಯೋಜನೆಗಳ ವಿರುದ್ಧ ದೀರ್ಘ ಹೋರಾಟ ನಡೆದ ಬಳಿಕ, 2023ರ ಮಾರ್ಚ್‌ನಲ್ಲಿ ವ್ಯೋಸಾ ನದಿಯನ್ನು ರಾಷ್ಟ್ರೀಯ ಉದ್ಯಾನವಾಗಿ ಘೋಷಿಸಿತು. ಒಂದೇ ದೇಶದಲ್ಲಿ ಕ್ಸಮಿಲ್‌ಗೆ ಮೊದಲು ಜನ ಬಂದರು, ವ್ಯೋಸಾಕ್ಕೆ ಮೊದಲು ರಕ್ಷಣೆ ಬಂತು. ಅಲ್ಬೇನಿಯಾಕ್ಕೆ ಹೋಗುವವರು ನನ್ನನ್ನು ಕೇಳಿದರೆ ಎರಡನೆಯದನ್ನೇ ಸೂಚಿಸುತ್ತೇನೆ.

ತಡವಾಗಿ ಎಚ್ಚೆತ್ತರೂ ಪ್ರಯೋಜನವಿಲ್ಲವೆಂದೇನೂ ಅಲ್ಲ. ಥಾಯ್ಲೆಂಡಿನ ಮಾಯಾ ಕೊಲ್ಲಿಯನ್ನು 2018ರ ಜೂನ್‌ನಲ್ಲಿ ಮುಚ್ಚಿ 2022ರ ಜನವರಿಯಲ್ಲಷ್ಟೇ ತೆರೆದರು. ಹವಳವನ್ನು ಮತ್ತೆ ನೆಟ್ಟರು, ದೋಣಿಗಳು ಕೊಲ್ಲಿಯೊಳಗೆ ನುಗ್ಗದೆ ದ್ವೀಪದ ಹಿಂಬದಿಯಲ್ಲಿ ನಿಲ್ಲುವಂತೆ ಮಾಡಿದರು, ಕಪ್ಪುರೆಕ್ಕೆಯ ಶಾರ್ಕ್‌ಗಳು ತೀರದ ನೀರಿಗೆ ಮರಳಿದವು.

ಇನ್ನು ತಮ್ಮ ಎರಡನೆಯ ಪ್ರಶ್ನೆ. ಬದುಕಿನಲ್ಲಿ ಒಮ್ಮೆ ಹೋಗುವವರು ತಾವು ಬಾಲ್ಯದಿಂದ ಚಿತ್ರಗಳಲ್ಲಿ ಕಂಡ ಸ್ಥಳವನ್ನೇ ನೋಡಬೇಕೆಂದು ಬಯಸಿದರೆ ಅದರಲ್ಲಿ ತಪ್ಪೇನೂ ಇಲ್ಲ, ಹೋಗಿ ಬರಲಿ. ಆದರೆ ಹಂಗಾಮಿನ ನೆತ್ತಿಯಲ್ಲಿ ಹೋಗದೆ ಅದರ ಆಚೀಚಿನ ತಿಂಗಳುಗಳನ್ನು ಆರಿಸಿಕೊಂಡರೆ, ಒಂದು ಮಧ್ಯಾಹ್ನಕ್ಕೆ ಬದಲು ಎರಡು ರಾತ್ರಿ ತಂಗಿದರೆ, ಬಂದುಹೋಗುವವರೆಲ್ಲ ತೆರಳಿದ ಮೇಲಿನ ಸಂಜೆಯ ಊರೂ ಅವರು ಬರುವ ಮುನ್ನದ ಬೆಳಗಿನ ಊರೂ ಕಾಣಸಿಗುತ್ತವೆ. ನನ್ನ ಮಟ್ಟಿಗೆ ಇದೇ ಮೊದಲ ಪರ್ಯಾಯ. ಊರು ಬದಲಿಸುವುದು ಆಮೇಲಿನದು.

ಬದಲಿ ಸ್ಥಳ ಎಲ್ಲರಿಗೂ ಸಲ್ಲುತ್ತದೆಂದು ಹೇಳುವುದೂ ಪ್ರಾಮಾಣಿಕತೆಯಲ್ಲ. ಪೆರು ದೇಶದ ಮಾಚು ಪಿಚುಗೆ ದಿನಕ್ಕೆ ಸಾವಿರಾರು ಜನ, ನಿಗದಿತ ಸಮಯದ ಟಿಕೆಟ್ ಹಿಡಿದು ಹೋಗುತ್ತಾರೆ. ಅದನ್ನು ಕಟ್ಟಿದ ಇಂಕಾ ಜನರದೇ ಇನ್ನೊಂದು ಹಳೆಯ ನಗರವಾದ ಚೋಕೆಕಿರಾವ್ ಅಪುರಿಮಾಕ್ ನದಿಯ ಆಳವಾದ ಕಮರಿಯ ಆಚೆಗಿದೆ. ಅದರ ಬಹುಭಾಗ ಇನ್ನೂ ಕಾಡಿನ ಹೊದಿಕೆಯಡಿಯಲ್ಲಿದೆ. ಆದರೆ ಕಮರಿಯನ್ನು ಇಳಿದು ಹತ್ತಿ ಮರಳಲು ಸಾಮಾನ್ಯವಾಗಿ ನಾಲ್ಕು ದಿನ ನಡೆಯಬೇಕು. ಮಂಡಿನೋವಿನ ಹಿರಿಯರಿಗಾಗಲಿ ಎಳೆಯ ಮಕ್ಕಳಿರುವ ಕುಟುಂಬಕ್ಕಾಗಲಿ ಅದನ್ನು ಮಾಚು ಪಿಚುವಿನ ಬದಲಿ ಎಂದು ಸೂಚಿಸಿದರೆ ಅದು ಹಾಸ್ಯವಾದೀತು. ಅಲ್ಲಿಗೆ ಕೇಬಲ್ ಕಾರ್ ಹಾಕುವ ಮಾತು ವರ್ಷಗಳಿಂದ ಇದೆ. ಅದು ಬಂದ ದಿನ ಆ ಸ್ಥಳದ ಬಗ್ಗೆ ನಾವು ಇಂದು ಹೇಳುವ ಒಂದು ಮಾತೂ ಉಳಿಯಲಾರದು.

ಪತ್ರಿಕೆಯ ನಡೆಯ ಬಗ್ಗೆಯೂ ತಾವು ಪರೋಕ್ಷವಾಗಿ ಕೇಳಿದ್ದೀರಿ. ಹೊಸ ತಾಣವೊಂದರ ಲೇಖನ ನಮಗೆ ಬಂದಾಗ, ಬೇಸಿಗೆಯಲ್ಲಿ ಅಲ್ಲಿನ ನಿವಾಸಿಗಳಿಗೆ ನೀರು ಸಾಕಾಗುತ್ತದೆಯೇ, ಕಸ ಎಲ್ಲಿಗೆ ಹೋಗುತ್ತದೆ, ತಂಗುವ ಮನೆಗಳು ಸ್ಥಳೀಯರವೇ ಅಥವಾ ಹೊರಗಿನ ಹೂಡಿಕೆದಾರರವೇ, ಪ್ರವಾಸಿಗರು ಬರಲಿ ಎಂದು ಊರವರೇ ತೀರ್ಮಾನಿಸಿದ್ದಾರೆಯೇ ಎಂದು ಲೇಖಕರನ್ನು ಕೇಳುತ್ತೇವೆ. ಉತ್ತರವಿಲ್ಲದ ಲೇಖನವನ್ನು ಹಿಂದಿರುಗಿಸುತ್ತೇವೆ. ದಾರಿ, ಕಾವಲು ಇಲ್ಲದ ಜಲಪಾತ ಅಥವಾ ಕಣಿವೆಯಾದರೆ ಸ್ಥೂಲವಾಗಿ ಪ್ರದೇಶದ ಹೆಸರನ್ನು ಹೇಳಿ, ನಿಖರವಾದ ಜಾಗವನ್ನು ಬಿಟ್ಟುಬಿಡುತ್ತೇವೆ. ‘ಇಂಥದರ ಮಾಲ್ಡೀವ್ಸ್’, ‘ಅಂಥದರ ವೆನಿಸ್’ ಎಂಬ ಶೀರ್ಷಿಕೆಗಳನ್ನು ಮುಂದೆಯೂ ನಮ್ಮ ಪುಟಗಳಲ್ಲಿ ತಾವು ಕಾಣಲಾರಿರಿ, ಏಕೆಂದರೆ ಆ ಹೋಲಿಕೆಯನ್ನು ನಂಬಿ ಬರುವವರು ಒಂದು ಚಿತ್ರವನ್ನು ಹುಡುಕಿಕೊಂಡು ಬರುತ್ತಾರೆ, ಅದು ಸಿಕ್ಕಿದೊಡನೆ ಮರಳುತ್ತಾರೆ.

ಕಳೆದ ಸಂಚಿಕೆಯ ಪಟ್ಟಿಯಲ್ಲಿರುವ ಯಾವುದಾದರೂ ಊರು ಈ ಪರೀಕ್ಷೆಯಲ್ಲಿ ಸೋಲುತ್ತದೆಂದು ತಮಗೆ ಅನಿಸಿದ್ದರೆ, ಕಾರಣಸಹಿತ ಬರೆಯಿರಿ, ಅದನ್ನು ಪ್ರಕಟಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಸಂಪಾದಕ