ವಾಯುಮಾಲಿನ್ಯದ ಮೇಲೆ ಸಂಶೋಧನೆ: ಹಾಸನದಲ್ಲೇ ಮಾಡಬಹುದಾ, ದೆಹಲಿಗೇ ಹೋಗಬೇಕಾ?

ಎಂಎಸ್ಸಿ ಮುಗಿಯುತ್ತಿದೆ, ಹತ್ತು ಸೆನ್ಸರ್ ತಗೊಂಡು ಹಾಸನ, ಚಿಕ್ಕಮಗಳೂರು ಎರಡೂ ಕಡೆ ಹಾಕೋಣ ಅಂತಿದ್ದೇನೆ, ಆದರೆ ನಮ್ಮ ಕಡೆ ಗಾಳಿ ಶುದ್ಧ ಇರೋದ್ರಿಂದ ಏನೂ ಸಿಗಲ್ಲವೇನೋ ಅಂತ ಬರೆದಿದ್ದೀರಿ. ಓದಿ ನಗು ಬಂತು. 2017ರಲ್ಲಿ ಹಾಸನದ ನಮ್ಮ ಮನೆ ತಾರಸಿ ಮೇಲೆ ನಿಂತು ನಾನೂ ಇದೇ ಭಯ ಪಟ್ಟಿದ್ದೆ. ಏನೂ ಸಿಗಲಿಲ್ಲ ಅಂತಲ್ಲ. ಸಿಕ್ಕಾಪಟ್ಟೆ ಸಿಕ್ಕಿತು. ತೊಂದರೆ ಆಗಿದ್ದೇ ಅದರಿಂದ.

ನನ್ನ ಹತ್ರ ಇದ್ದಿದ್ದು ನಾಲ್ಕೇ ಪೆಟ್ಟಿಗೆ. ಗಾಳಿಯಲ್ಲಿರೋ ಸಣ್ಣ ಕಣ ಅಳೆಯೋ, ಅಂಗೈಯಲ್ಲಿ ಕೂರುವ ಪ್ಲಾಂಟವರ್ ಕಂಪನಿ ಸೆನ್ಸರ್, ಅದನ್ನ ಕರೆಂಟ್ ಕೆಲಸದವರು ಗೋಡೆಗೆ ಹೊಡೆಯೋ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದ್ದೆ. ಎರಡು ಹಾಸನದಲ್ಲಿ, ಒಂದು ಚಿಕ್ಕಮಗಳೂರು ಪೇಟೆಯಲ್ಲಿ ಸ್ನೇಹಿತನ ಮಹಡಿ ಮೇಲೆ, ಇನ್ನೊಂದು ಆಲ್ದೂರು ಹತ್ತಿರ ಅಜ್ಜಿ ಮನೆಯ ಸೂರಿನ ಕೆಳಗೆ. ತೋಟದ ಮನೆಯದು ಸುಮ್ನೆ ಹೋಲಿಕೆಗೆ. ಒಳ್ಳೆ ಗಾಳಿ ಅಂದ್ರೆ ಇಷ್ಟು ಅಂತ ತೋರಿಸೋಕೆ.

ಜುಲೈ ಕೊನೆಗೆ ಮೆಮೊರಿ ಕಾರ್ಡ್ ತೆಗೆದು ನೋಡಿದರೆ ಲೆಕ್ಕ ತಲೆಕೆಳಗಾಗಿತ್ತು. ಹಾಸನದ ಬಿಎಂ ರಸ್ತೆ ಪಕ್ಕದ ಪೆಟ್ಟಿಗೆಯಲ್ಲಿ ಪಿಎಂ 2.5, ಅಂದ್ರೆ ಶ್ವಾಸಕೋಶದ ಒಳಗೆ ಹೋಗುವಷ್ಟು ಸಣ್ಣ ಕಣ, 40ರ ಆಸುಪಾಸು. ಅಜ್ಜಿ ಮನೆಯಲ್ಲಿ ಬೆಳಗಿನ ಜಾವ 150 ದಾಟಿದೆ! ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಅನ್ನೋದು ನಮ್ಮ ದೇಶದಲ್ಲಿ ಇಡೀ ದಿನದ ಸರಾಸರಿಗೆ ಇಟ್ಟಿರೋ ಮಿತಿ. ಕಾಫಿ ತೋಟದ ನಡುವೆ ಅದರ ಎರಡೂವರೆ ಪಟ್ಟು. ನನಗೆ ಗಾಬರಿ ಆಗಬೇಕಿತ್ತು, ಆಗಿದ್ದು ಖುಷಿ.

ಕಾರಣ ಹುಡುಕೋಕೆ ಎರಡು ನಿಮಿಷವೂ ಬೇಕಾಗಲಿಲ್ಲ. ಬಚ್ಚಲೊಲೆ. ಮಳೆಗಾಲದಲ್ಲಿ ಬೆಳಗಿನ ಜಾವವೇ ಹಂಡೆ ಒಲೆ ಹಚ್ತಾರೆ, ಸೌದೆ ಅರ್ಧ ಹಸಿ, ಹೊಗೆ ಹೆಂಚಿನ ಸಂದಿಯಿಂದ ಮೇಲೆ ಹೋಗದೆ ಅಂಗಳದಲ್ಲೇ ಮಲಗಿರುತ್ತೆ. ಎಷ್ಟು ಚೆನ್ನಾಗಿ ಕೂಡುತ್ತೆ ಅಲ್ವಾ? ಪರೀಕ್ಷೆ ಮಾಡೋಣ ಅಂತ ಆಗಸ್ಟಿನಲ್ಲಿ ಹೋಗಿ, "ಒಂದು ವಾರ ಒಲೆ ಎಂಟು ಗಂಟೆಗೆ ಹಚ್ಚಜ್ಜಿ" ಅಂದೆ. "ತಣ್ಣೀರಲ್ಲಿ ಮುಖ ತೊಳೆಯೋ ವಯಸ್ಸಾ ನಂದು?" ಅಂತ ಬೈದುಕೊಂಡೇ ಒಪ್ಪಿದರು. ಆ ವಾರವೂ ರೀಡಿಂಗ್ ಏರಿದ್ದು ಐದು ಗಂಟೆಗೇ. ಒಲೆ ತಣ್ಣಗಿದೆ, ಗ್ರಾಫ್ ಮೇಲೆ ಹೋಗ್ತಾ ಇದೆ. ಆಗಲಾದರೂ ಬುದ್ಧಿ ಬರಬೇಕಿತ್ತು. ನಾನು ತೋಟದ ಕೆಲಸದವರ ಲೈನ್ ಮನೆಗಳ ಒಲೆ ಇರಬೇಕು ಅಂತ ಬರೆದುಕೊಂಡೆ.

ಆದರೆ ನನ್ನ ಒಂದು ವರ್ಷ ತಿಂದಿದ್ದು ಆ ಊಹೆ ಅಲ್ಲ. ಊಹೆಯನ್ನ ತಿದ್ದಬಹುದು. ನಾನು ತಿದ್ದೋಕೂ ಆಗದ ಹಾಗೆ ಮಾಡಿಕೊಂಡಿದ್ದೆ. ಪ್ರತಿ ಪೆಟ್ಟಿಗೆಯಲ್ಲೂ ತೇವಾಂಶ ಅಳೆಯೋ ಇನ್ನೊಂದು ಪುಟ್ಟ ಸೆನ್ಸರ್ ಇತ್ತು, ಬಿಳಿ ಬಣ್ಣದ ಡಿಎಚ್‌ಟಿ22. ಜೂನ್ ಎರಡನೇ ವಾರದಲ್ಲಿ ಅಜ್ಜಿ ಮನೆಯದರ ಕಾಲಿಗೆ ಹಸಿರು ಕಿಲುಬು ಹಿಡಿದು, ಹಗಲು ರಾತ್ರಿ 99.9 ಅಂತ ಒಂದೇ ತೋರಿಸ್ತಿತ್ತು. ಕಿತ್ತು ಜೇಬಿಗೆ ಹಾಕಿಕೊಂಡೆ. ಮುನ್ನೂರು ರೂಪಾಯಿ ಸಾಮಾನು. ಹಾಸನಕ್ಕೆ ಬಂದು ಹೊಸದು ತರಬಹುದಿತ್ತು, ತರಲಿಲ್ಲ. ಮಳೆಗಾಲದಲ್ಲಿ ತೇವ ಇದ್ದೇ ಇರುತ್ತೆ, ಅಳೆದು ಏನಾಗಬೇಕು, ನಾನು ಅಳೀತಿರೋದು ಹೊಗೆ ತಾನೇ ಅಂದುಕೊಂಡೆ. ಅಷ್ಟೇ ಅಲ್ಲ, ಕಾಲಮ್ ಖಾಲಿ ಬಿಟ್ಟರೆ ಅಸಹ್ಯ ಕಾಣುತ್ತೆ ಅಂತ ಉಳಿದ ಮೂರು ಪೆಟ್ಟಿಗೆಯ ಪ್ರೋಗ್ರಾಮಿನಲ್ಲೂ ಆ ಸಾಲನ್ನ ತೆಗೆದುಬಿಟ್ಟೆ. ಇದನ್ನ ಇವತ್ತಿಗೂ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ನವೆಂಬರಿನಲ್ಲಿ ಬೆಂಗಳೂರಿನ ಒಂದು ಸೆಮಿನಾರಿನಲ್ಲಿ ಪೋಸ್ಟರ್ ಹಾಕಿದೆ. ಏರೋಸಾಲ್, ಅಂದ್ರೆ ಗಾಳಿಯಲ್ಲಿ ತೇಲೋ ಸಣ್ಣ ಕಣಗಳ ಮೇಲೆ ಬಹಳ ವರ್ಷ ಕೆಲಸ ಮಾಡಿದ ಹಿರಿಯ ವಿಜ್ಞಾನಿಯೊಬ್ಬರು ಬಂದು ಐದು ಗಂಟೆಯ ಏರಿಕೆ ಮೇಲೆ ಬೆರಳಿಟ್ಟರು. "ಈ ಹೊತ್ತಲ್ಲಿ ತೇವಾಂಶ ಎಷ್ಟಿತ್ತಪ್ಪಾ?"

"ಅಳೆದಿಲ್ಲ ಸರ್."

"ನಿಮ್ಮಜ್ಜಿ ಉಪ್ಪು ಯಾತರಲ್ಲಿ ಇಡ್ತಾರೆ?"

"ಭರಣೀಲಿ."

"ಮಳೆ ಸುರಿಯೋ ಆಟಿ ತಿಂಗಳಲ್ಲಿ ಮುಚ್ಚಳ ತೆಗೆದಿಟ್ಟರೆ?"

ನೀರೊಡೆಯುತ್ತೆ. ಉಪ್ಪಿಗೆ ಸುಮಾರು 75 ಪರ್ಸೆಂಟ್ ತೇವಾಂಶ ಸಾಕು, ಗಾಳಿಯಿಂದಲೇ ನೀರು ಕುಡಿದು ಕರಗುತ್ತೆ. ಗಾಳಿಯಲ್ಲಿ ಜಾಸ್ತಿ ಸಿಗುವ ಅಮೋನಿಯಂ ಸಲ್ಫೇಟ್ ಕಣಕ್ಕೆ 80ರ ಹತ್ತಿರ. ಮುಂಗಾರಿನಲ್ಲಂತೂ ಅರಬ್ಬಿ ಸಮುದ್ರದ ಉಪ್ಪಿನ ಕಣಗಳೇ ಗಾಳಿ ಜೊತೆ ಘಟ್ಟ ಹತ್ತಿ ಬರುತ್ತವೆ. ಇನ್ನು ಆ ಅಗ್ಗದ ಸೆನ್ಸರ್ ಕಣಗಳನ್ನ ತೂಗಿ ನೋಡಲ್ಲ. ಪುಟ್ಟ ಫ್ಯಾನ್ ಗಾಳಿ ಎಳೆಯುತ್ತೆ, ಲೇಸರ್ ಬೆಳಕು ಕಣಕ್ಕೆ ಬಡಿದು ಚೆದುರುತ್ತೆ, ಚೆದುರಿದ ಬೆಳಕು ನೋಡಿ ತೂಕ ಇಷ್ಟಿರಬೇಕು ಅಂತ ಊಹಿಸುತ್ತೆ. ಕಣ ನೀರು ಕುಡಿದು ಅಡ್ಡಳತೆ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟು. ಹೊಗೆ ಒಂದು ಚೂರೂ ಜಾಸ್ತಿ ಆಗಿಲ್ಲ, ಬೆಳಕು ಮಾತ್ರ ಜಾಸ್ತಿ ಚೆದುರುತ್ತೆ. ಇನ್ನು ಮಂಜಿನ ಹನಿಯನ್ನೇ ಕಣ ಅಂತ ಎಣಿಸಿದರಂತೂ ಮುಗೀತು. ಐದು ತಿಂಗಳು ನಾನು ಅಳೆದಿದ್ದು ಬಹುಪಾಲು ಮಂಜು.

ಅವರೇ ನನ್ನ ಪೆಟ್ಟಿಗೆಯನ್ನ ತಮ್ಮ ಬೀಟಾ ಯಂತ್ರದ ಪಕ್ಕ ಮೂರು ವಾರ ಇಡಿಸಿದರು. ಆ ಯಂತ್ರ ಒಳಗೆ ಬರೋ ಗಾಳಿಯನ್ನ ಬಿಸಿ ಮಾಡಿ ಒಣಗಿಸಿ, ಕಣಗಳನ್ನ ಟೇಪಿನ ಮೇಲೆ ಹಿಡಿದು, ಅವು ಬೀಟಾ ಕಿರಣವನ್ನ ಎಷ್ಟು ತಡೆದವು ಅಂತ ನೋಡಿ ತೂಕ ಲೆಕ್ಕ ಹಾಕುತ್ತೆ. ಮಧ್ಯಾಹ್ನ ಎರಡೂ ಹೆಚ್ಚುಕಮ್ಮಿ ಜೊತೆಗೇ ಹೋಗ್ತಿದ್ದವು. ತುಂತುರು ಬಿದ್ದ ರಾತ್ರಿ ನನ್ನದು ಎರಡು ಪಟ್ಟು, ಒಂದು ದಿನ ಮೂರು ಪಟ್ಟು. ತೇವಾಂಶದ ಲೆಕ್ಕ ಇದ್ದಿದ್ದರೆ ಹಳೇ ಡೇಟಾವನ್ನ ಒಂದಿಷ್ಟು ಸರಿ ಮಾಡಬಹುದಿತ್ತು. ಚಿಕ್ಕಮಗಳೂರು ಪೇಟೆಯ ಹವಾಮಾನದ ಅಂಕಿ ತಂದು ಆಲ್ದೂರಿಗೆ ಹಾಕಿ ನೋಡಿದೆ, ಸೂರಿನ ಕೆಳಗಿನ ತೇವ ಅದಕ್ಕೆ ಎಲ್ಲಿ ಗೊತ್ತು? ಪೇಪರ್ ವಾಪಸ್ ತಗೊಂಡೆ. ಫೆಲೋಶಿಪ್ ಮುಂದುವರಿಯಲಿಲ್ಲ, ಒಂದು ವರ್ಷ ಪಿಯುಸಿ ಹುಡುಗರಿಗೆ ಟ್ಯೂಷನ್ ಹೇಳಿದೆ.

ಈಗ ನಿಮ್ಮ ಪ್ರಶ್ನೆಗೆ. ಗಾಳಿ ಶುದ್ಧ ಅಂತ ನಿಮಗೆ ಯಾರು ಹೇಳಿದ್ದು? 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಮಿತಿ ಮೀರಿದ ಊರುಗಳ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ, ಹಾಸನ ಇಲ್ಲ, ಅಷ್ಟೇ. ಪಿಎಂ 2.5ಕ್ಕೆ ನಮ್ಮ ದೇಶದ ವರ್ಷದ ಸರಾಸರಿ ಮಿತಿ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಈ 5ಕ್ಕೂ 40ಕ್ಕೂ ನಡುವೆ ಬದುಕೋ ಊರುಗಳ ಕತೆ ಯಾರು ಬರೀಬೇಕು? ದೆಹಲಿಗೆ ಹೋಗೋರು ಬೇಕಾದಷ್ಟಿದ್ದಾರೆ. ಅಲ್ಲಿ ವಿಮಾನ ನಿಲ್ದಾಣದಲ್ಲಿ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು 2015ರಿಂದ ಚಳಿಗಾಲದ ಮಂಜಿನ ಮೇಲೇ ಪ್ರಯೋಗ ನಡೆಸುತ್ತಾ ಬಂದಿದ್ದಾರೆ. ಅವರು ಮಂಜನ್ನ ಮಂಜು ಅಂತಲೇ ಅಳೀತಾರೆ, ನನ್ನ ಹಾಗಲ್ಲ.

ಉಪಗ್ರಹದ ಡೇಟಾ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2013ರಲ್ಲಿ ಹಾರಿಸಿದ ಇನ್ಸಾಟ್-3ಡಿಯಿಂದ ಏರೋಸಾಲ್ ಮಾಹಿತಿ ಸಿಗುತ್ತಿತ್ತು, ಆ ಉಪಗ್ರಹವನ್ನ ನೋಡಿಕೊಳ್ಳುತ್ತಿದ್ದದ್ದು ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್. ಆದರೆ ಮೋಡದ ಕೆಳಗೆ ಏನಿದೆ ಅಂತ ಅದಕ್ಕೆ ಕಾಣಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಮೋಡ ಬಿಟ್ಟು ಇನ್ನೇನಿರುತ್ತೆ?

ಹತ್ತು ಸೆನ್ಸರ್ ಬೇಡವೇ ಬೇಡ. ಮೂರು ತಗೊಳ್ಳಿ. ಮೂರನ್ನೂ ಒಂದೇ ಕಂಬಕ್ಕೆ ಕಟ್ಟಿ ತಿಂಗಳು ಬಿಡಿ, ಒಂದಕ್ಕೊಂದು ಎಷ್ಟು ಜಗಳ ಆಡುತ್ತವೆ ನೋಡಿ. ಆಮೇಲೆ ಚಿಕ್ಕಮಗಳೂರಿನ ಕಲ್ಯಾಣನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಟೇಷನ್ ಇದೆ, ಅದರ ಪಕ್ಕ ಇಡೋಕೆ ಅರ್ಜಿ ಕೊಡಿ, ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ. ಅಮೆರಿಕದವರು ಇದೇ ಥರದ ಸೆನ್ಸರ್ ಪೆಟ್ಟಿಗೆಯಾದ ಪರ್ಪಲ್‌ಏರ್‌ಗೆ ಮಾಡಿರೋ ರೀಡಿಂಗ್ ತಿದ್ದೋ ಸೂತ್ರದಲ್ಲೂ ತೇವಾಂಶ ಇದೆ, ಆದರೆ ಅದನ್ನ ಎತ್ತಿಕೊಂಡು ಬಂದು ಇಲ್ಲಿ ಹಾಕಬೇಡಿ, ಅದು ಅಲ್ಲಿನ ಗಾಳಿಗೆ ಮಾಡಿದ್ದು. ರಸ್ತೆ ಧೂಳಿಗೆ ಈ ಸೆನ್ಸರ್ ನಂಬಬೇಡಿ, ದಪ್ಪ ಕಣ ಅದಕ್ಕೆ ಸರಿಯಾಗಿ ಕಾಣಲ್ಲ. ಗಾಳಿ ಒಳಗೆ ಹೋಗೋ ಬಾಯಿಗೆ ಬಲೆ ಹಾಕಿ, ಇಲ್ಲದಿದ್ದರೆ ಜೇಡ ಸಂಸಾರ ಹೂಡುತ್ತೆ. ಪಿಎಚ್‌ಡಿ ಅಂದ್ರೆ ಐಐಎಸ್‌ಸಿ, ತಿರುವನಂತಪುರದ ಎಸ್‌ಪಿಎಲ್, ಪುಣೆ, ಅಹಮದಾಬಾದಿನ ಪಿಆರ್‌ಎಲ್, ಈ ಸಂಶೋಧನಾ ಸಂಸ್ಥೆಗಳಲ್ಲಿ ಎಲ್ಲಿಗಾದರೂ ಅರ್ಜಿ ಹಾಕಿ. ಅದು ಆಮೇಲಿನ ಮಾತು.

ಬಚ್ಚಲೊಲೆ ವಿಷಯ ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಹೊಸ ತೇವಾಂಶ ಸೆನ್ಸರ್ ಹಾಕಿ ಅಜ್ಜಿ ಕಾಲಿಗೆ ಮತ್ತೆ ಬಿದ್ದೆ. ಮಂಜಿಲ್ಲದ ಬೆಳಗು, ಎಂಟಕ್ಕೆ ಹಚ್ಚಿದ ದಿನ ಎಂಟಕ್ಕೇ ಏರಿತು. 150 ಏನಲ್ಲ, ಅದರ ಕಾಲು ಭಾಗ. ಆ ಪೆಟ್ಟಿಗೆಗಳಲ್ಲಿ ಎರಡು ಇನ್ನೂ ನನ್ನ ಹತ್ರ ಇವೆ, ಬೇಕಾದ್ರೆ ಹೇಳಿ ಕೊಡ್ತೀನಿ. ಒಂದರ ಫ್ಯಾನ್ ಕೀಚಲು ಕೂಗುತ್ತೆ.