ಪ್ರತಿಕ್ರಿಯೆ: ಕರೆಂಟ್ ಹೋಗಿ ಬಂದ ಮೇಲೆ ಮಳೆಮಾಪಕದ ಸರ್ವಿಸ್ ಏಳುತ್ತಿಲ್ಲ

ತೀರ್ಥಹಳ್ಳಿಯ ತೋಟದ ಮನೆಯ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ, ನಿಮ್ಮ ಬಳಕೆದಾರ ಖಾತೆಯಡಿ ನಡೆಯುವ ಮಳೆಮಾಪಕದ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಸುಮ್ಮನಿರುವುದಕ್ಕೆ, ಆ ಖಾತೆಗೆ ‘ಲಿಂಗರ್’ (ಲಾಗಿನ್ ಇಲ್ಲದೆಯೂ ಖಾತೆಯ ಸರ್ವಿಸ್‌ಗಳನ್ನು ನಡೆಸುವ ಸೌಲಭ್ಯ) ಸಕ್ರಿಯವಾಗಿಲ್ಲದಿರುವುದೇ ಬಹುಶಃ ಕಾರಣ. ಇಂಥ ಸರ್ವಿಸ್‌ಗಳನ್ನು ಎಬ್ಬಿಸಿ ನಡೆಸುವ, ಬಳಕೆದಾರರ ಮಟ್ಟದ ಸಿಸ್ಟಮ್‌ಡಿ ಸಾಮಾನ್ಯವಾಗಿ ಮೊದಲ ಲಾಗಿನ್‌ನೊಂದಿಗೆ ಶುರುವಾಗಿ ಕೊನೆಯ ಲಾಗೌಟ್‌ನೊಂದಿಗೆ ನಿಲ್ಲುತ್ತದೆ. ಯಾರೂ ಲಾಗಿನ್ ಆಗದ ಕಂಪ್ಯೂಟರಿನಲ್ಲಿ ಅದು ಹುಟ್ಟುವುದೇ ಇಲ್ಲ.

ಮೊದಲು ‘ಸುಡೋ ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’ ಎಂಬ ಆದೇಶದ (‘ಸುಡೋ’ ಎಂದರೆ ನಿರ್ವಾಹಕರ ಅಧಿಕಾರದಿಂದ) ಕೊನೆಯಲ್ಲಿ ನಿಮ್ಮ ಬಳಕೆದಾರ ಹೆಸರನ್ನು ಸೇರಿಸಿ ಕೊಟ್ಟು, ರೀಬೂಟ್ ಮಾಡಿ ನೋಡಿ.

ಲಾಗಿನ್ ಆದೊಡನೆ ಸರ್ವಿಸ್ ತಾನಾಗಿ ಏಳುತ್ತದೆಯೋ, ನೀವೇ ‘ಸ್ಟಾರ್ಟ್’ ಕೊಡಬೇಕೋ ಎಂಬುದನ್ನು ನೀವು ಬರೆದಿಲ್ಲ. ಎರಡನೆಯದಾದರೆ ಯೂನಿಟ್ ಕಡತದಲ್ಲಿ (ಸರ್ವಿಸಿನ ವಿವರ ಬರೆದಿರುವ ಕಡತ), ಸರ್ವಿಸ್ ಯಾವ ‘ಟಾರ್ಗೆಟ್’ (ಶುರುವಾಗುವ ಹಂತ) ಜೊತೆ ಏಳಬೇಕೆಂದು ಹೇಳುವ ‘ವಾಂಟೆಡ್‌ಬೈ’ ಸಾಲಿನಲ್ಲಿ ‘ಮಲ್ಟಿ-ಯೂಸರ್.ಟಾರ್ಗೆಟ್’ ಇರಬಹುದು, ಬಳಕೆದಾರರ ಮಟ್ಟದಲ್ಲಿ ಆ ಟಾರ್ಗೆಟ್ ಇರುವುದಿಲ್ಲವಾದ್ದರಿಂದ ಅದನ್ನು ‘ಡಿಫಾಲ್ಟ್.ಟಾರ್ಗೆಟ್’ ಎಂದು ತಿದ್ದಿ, ‘ಸಿಸ್ಟಮ್‌ಸಿಟಿಎಲ್ --ಯೂಸರ್ ಡೀಮನ್-ರೀಲೋಡ್’ ಕೊಟ್ಟು, ಅನಂತರ ಸರ್ವಿಸನ್ನು ‘ರೀಎನೇಬಲ್’ ಮಾಡಬೇಕು. ಈ ಕೊನೆಯ ಎರಡು ಆದೇಶಗಳಿಗೂ ಸುಡೋ ಹಾಕಬೇಡಿ, ಹಾಕಿದರೆ ಅವು ನಿಮ್ಮ ಸರ್ವಿಸನ್ನು ಮುಟ್ಟುವುದೇ ಇಲ್ಲ.

ಅಷ್ಟಾದರೂ ಏಳದಿದ್ದರೆ ‘ಜರ್ನಲ್‌ಸಿಟಿಎಲ್ --ಯೂಸರ್ -ಯು’ ಜೊತೆ ಸರ್ವಿಸ್ ಹೆಸರು ಕೊಟ್ಟು, ಬರುವ ಕೊನೆಯ ಸಾಲುಗಳನ್ನು ಇಲ್ಲಿ ಹಾಕಿ. ಅದರಲ್ಲಿ 203 ಎಂಬ ಸ್ಥಿತಿಸಂಖ್ಯೆ ಕಂಡರೆ ಬಹುಶಃ ಕಡತದಲ್ಲಿ ಬರೆದ ಸ್ಕ್ರಿಪ್ಟಿನ ದಾರಿ (ಪಾತ್) ತಪ್ಪಾಗಿದೆ, ಇಲ್ಲವೇ ಅದಕ್ಕೆ ಚಲಾಯಿಸುವ ಅನುಮತಿಯಿಲ್ಲ. ಇನ್ನೊಂದು, ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲದೆ ವೇಳೆಯನ್ನು ಇಂಟರ್ನೆಟ್‌ನಿಂದ ಪಡೆಯಬೇಕಾದ ಕಾರಣ, ಇಂಟರ್ನೆಟ್ ಮರಳುವ ಮೊದಲು ದಾಖಲಾದ ಮಳೆಯ ವೇಳೆಯನ್ನು ನಂಬಬೇಡಿ.